ಸ್ಪಿತಿಗೆ ಹೊರಡುವ ಮುನ್ನ ರಾತ್ರಿಗಳ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಜೂನ್‌ನಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಚಾರಣಕ್ಕೆಂದು ಒಂದು ಸಂಸ್ಥೆಗೆ ದುಡ್ಡು ಕಟ್ಟಲು ಹೊರಟಿದ್ದೆ. ಲಾಂಗ್ಜಾ, ಕೋಮಿಕ್, ದೆಮುಲ್, ಧಂಕರ್ ಅಂತ ಹಳ್ಳಿಯಿಂದ ಹಳ್ಳಿಗೆ ನಡಿಗೆ, ರಾತ್ರಿ ಊರವರ ಮನೆಯಲ್ಲೇ ವಾಸ. ಆಸೆ ಹುಟ್ಟದೆ ಇರುತ್ತಾ? ಆದರೆ ಅವರ ಪಟ್ಟಿ ನೋಡಿ ಗಾಬರಿಯಾಯಿತು. ಮೊದಲ ರಾತ್ರಿ ಮನಾಲಿ, ಮರುರಾತ್ರಿಯೇ ಲಾಂಗ್ಜಾ! ಅಂದರೆ ಸುಮಾರು 2,000 ಮೀಟರಿನಿಂದ ಒಂದೇ ದಿನಕ್ಕೆ 4,400 ಮೀಟರಿಗೆ. ತೆಳು ಗಾಳಿಗೆ ದೇಹ ಒಗ್ಗದೆ ಕಾಯಿಲೆ ಬೀಳಬಾರದೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಎನ್ನುತ್ತಾರೆ ವೈದ್ಯರು. ಕೇಳಿದರೆ, ‘ಮಾತ್ರೆ ಕೊಡ್ತೀವಿ ಸರ್’ ಎಂದರು. ನನಗೆ 58 ವರ್ಷ, ಬಿ.ಪಿ. ಬೇರೆ.

ಕೊನೆಗೆ ಶಿಮ್ಲಾ, ಕಲ್ಪಾ, ನಾಕೊ ದಾರಿಯಲ್ಲಿ ನಿಧಾನವಾಗಿ ಏರಿ, ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಎರಡು ರಾತ್ರಿ ತಂಗುವ ತಂಡ ಹುಡುಕಿಕೊಂಡೆ. ಮಾರ್ಗದರ್ಶಿಯೂ ಸ್ಪಿತಿಯವರೇ. ದುಡ್ಡು ಕಟ್ಟುವ ಮುನ್ನ, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂದು ಬರೆಸಿಕೊಳ್ಳಿ.

– ನಿವೃತ್ತ ಶಿಕ್ಷಕ, ಶಿವಮೊಗ್ಗ