ಐಬಿ ಅನುಭವವಿಲ್ಲದ ಶಿಕ್ಷಕರಿಗೂ ದಾರಿಯಿದೆ

ಮಾನ್ಯರೇ,

‘ಐಬಿ ಸರ್ಟಿಫಿಕೇಟ್ ಕೊಡಿಸಿ ದುಬೈ ಶಾಲೆಗೆ ಸೇರಿಸುತ್ತೇವೆ’ ಎನ್ನುವ ಜಾಹೀರಾತುಗಳು ಬಳ್ಳಾರಿ, ಕೊಪ್ಪಳ, ರಾಯಚೂರಿನ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ಐಬಿ ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ. ಖಾಸಗಿ ಶಾಲೆಯ ಸಂಬಳದಲ್ಲಿ ತಿಂಗಳು ನೂಕುವವರು ಮರುಳಾಗುವುದು ಸಹಜ. ರಾಜ್ಯ ಪಠ್ಯಕ್ರಮ ಬಿಟ್ಟು ಬೇರೇನೂ ಕಲಿಸಿಲ್ಲ ಎಂಬ ಅಳುಕೇ ಈ ದಂಧೆಯ ಬಂಡವಾಳ. ಆ ಅಳುಕು ಅರ್ಧ ಮಾತ್ರ ಸರಿ.

ಮೊದಲು ಶಾಲೆಯನ್ನು ತಿಳಿದುಕೊಳ್ಳಬೇಕು. ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’, ಒಳಗೆ ಸಿಬಿಎಸ್‌ಇ. ಇಂಥ ಶಾಲೆಗಳು ಬಡಾವಣೆಗೊಂದಿವೆ. ಅಲ್ಲಿ ಐದು ವರ್ಷ ದುಡಿದರೂ ಹೊರಗಿನವರು ಅದನ್ನು ಅಂತರರಾಷ್ಟ್ರೀಯ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಶಾಲೆಗೆ ನಿಜವಾದ ಮಾನ್ಯತೆಯಿದೆ ಎಂಬುದು ಐಬಿ ಮತ್ತು ಇಂಥದೇ ಇನ್ನೊಂದು ಪಠ್ಯಕ್ರಮ ನಡೆಸುವ ಕೇಂಬ್ರಿಜ್ ಸಂಸ್ಥೆಗಳ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಸಿಗುತ್ತದೆ. ಐಬಿ ಮಾನ್ಯತೆಗೆ ಅರ್ಜಿ ಹಾಕಿ ಕಾಯುತ್ತಿರುವ ‘ಕ್ಯಾಂಡಿಡೇಟ್’ ಶಾಲೆಗಳನ್ನು ನಮ್ಮವರು ಕಡೆಗಣಿಸುತ್ತಾರೆ. ಹೊಸಬರಿಗೆ ಇವೇ ಒಳ್ಳೆಯವು. ಮಾನ್ಯತೆ ಸಿಗಬೇಕಾದರೆ ಶಾಲೆ ತನ್ನ ಶಿಕ್ಷಕರಿಗೆ ತರಬೇತಿ ಕೊಡಿಸಲೇಬೇಕು, ಅಲ್ಲಿ ಎಲ್ಲರೂ ಕಲಿಯುತ್ತಿರುವವರೇ.

ಹಂತವನ್ನೂ ನೋಡಿಕೊಳ್ಳಿ. 16ರಿಂದ 19 ವಯಸ್ಸಿನವರ ಐಬಿ ಡಿಪ್ಲೊಮಾ ತರಗತಿಗೆ ಅನುಭವವಿಲ್ಲದವರನ್ನು ತೆಗೆದುಕೊಳ್ಳುವುದು ಅಪರೂಪ. 45 ಅಂಕಗಳ ಆ ಫಲಿತಾಂಶದ ಮೇಲೆ ಮಕ್ಕಳ ಮುಂದಿನ ಓದು ನಿಂತಿರುತ್ತದೆ. ಅದಕ್ಕಿಂತ ಕೆಳಗಿನ ಪಿವೈಪಿ (ಐಬಿ ಪ್ರಾಥಮಿಕ), ಎಂವೈಪಿ (ಐಬಿ ಮಾಧ್ಯಮಿಕ), ಕೇಂಬ್ರಿಜ್ ಲೋವರ್ ಸೆಕೆಂಡರಿ ಹಂತಗಳಲ್ಲಿ ಬಾಗಿಲು ಅಷ್ಟು ಬಿಗಿಯಾಗಿಲ್ಲ. ನೇರ ದುಬೈಗಿಂತ ಮೊದಲು ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಎರಡು ವರ್ಷ ಕಲಿಸುವುದು ಮೇಲು. ರಾಯಚೂರಿನವರಿಗಂತೂ ಹೈದರಾಬಾದೇ ಹತ್ತಿರ.

ಇನ್ನು ‘ಅನುಭವವಿಲ್ಲ’ ಎಂಬ ಮಾತು. ನಲಿ-ಕಲಿ ತರಗತಿ ನಡೆಸಿದ ಶಿಕ್ಷಕಿ ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಅವರವರ ವೇಗದಲ್ಲಿ ಮೆಟ್ಟಿಲು ಹತ್ತಿಸಿರುತ್ತಾರೆ. ಡಿಫರೆನ್ಸಿಯೇಷನ್ ಎಂದು ಸಂದರ್ಶನದಲ್ಲಿ ಕೇಳುವುದು ಇದನ್ನೇ. ಕಲಿಕೆಯ ನಡುವಿನ ನಾಲ್ಕು ಎಫ್‌ಎ, ಅವಧಿಯ ಕೊನೆಯ ಎರಡು ಎಸ್‌ಎ ಪರೀಕ್ಷೆ ನಡೆಸಿದವರಿಗೆ ರೂಪಣಾತ್ಮಕ ಮೌಲ್ಯಮಾಪನ ಹೊಸದಲ್ಲ. ಆದರೆ ಬಯೋಡೇಟಾದಲ್ಲಿ ‘ಎಸ್‌ಎಸ್‌ಎಲ್‌ಸಿ ಗಣಿತ, 6 ವರ್ಷ’ ಎಂದಷ್ಟೇ ಬರೆದಿರುತ್ತಾರೆ. ಓದುವವರಿಗೆ ಎಸ್‌ಎಸ್‌ಎಲ್‌ಸಿ ಎಂದರೇನೆಂದೇ ಗೊತ್ತಿರುವುದಿಲ್ಲ. ಮಕ್ಕಳ ವಯಸ್ಸು, ತರಗತಿಯ ಗಾತ್ರ, ಮೌಲ್ಯಮಾಪನದ ಬಗೆ, ಹಿಂದುಳಿದ ಮಗುವಿಗೆ ಮಾಡಿದ್ದೇನು ಎಂಬುದನ್ನು ಎರಡು ಪುಟದೊಳಗೆ ಬರೆಯಿರಿ. ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಕೊನೆಯಲ್ಲಿನ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಯಾವುದೂ ಬೇಡ.

ಪಠ್ಯಕ್ರಮದ ಪರಿಚಯಕ್ಕೆ ಹಣ ಕೊಡಬೇಕಿಲ್ಲ. ಹತ್ತನೇ ತರಗತಿ ಮಟ್ಟದ ಕೇಂಬ್ರಿಜ್ ಐಜಿಸಿಎಸ್‌ಇ ಪರೀಕ್ಷೆಯಲ್ಲಿ ಗಣಿತದ ಸಂಕೇತ 0580, ಭೌತಶಾಸ್ತ್ರ 0625, ರಸಾಯನಶಾಸ್ತ್ರ 0620. ಇವುಗಳ ಸಿಲೆಬಸ್, ಕೆಲವು ಹಳೆಯ ಪ್ರಶ್ನೆಪತ್ರಿಕೆ, ಮಾರ್ಕ್ ಸ್ಕೀಮ್ (ಅಂಕ ನೀಡುವ ಸೂತ್ರ), ಪರೀಕ್ಷಕರ ವರದಿ ಅವರ ಜಾಲತಾಣದಲ್ಲಿ ಉಚಿತ. ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ನೀವೇ ಬರೆಯಿರಿ, ಆಮೇಲೆ ಮಾರ್ಕ್ ಸ್ಕೀಮ್ ಹಿಡಿದು ತಿದ್ದಿ. ಗಣಿತದಲ್ಲಿ ವಿಧಾನಕ್ಕೆ ‘ಎಂ’, ಉತ್ತರಕ್ಕೆ ‘ಎ’ ಅಂಕ. ನಮ್ಮ ಮೌಲ್ಯಮಾಪನ ಕೇಂದ್ರದ ಸ್ಟೆಪ್ ಮಾರ್ಕ್ಸ್ ಕಂಡವರಿಗೆ ಇದು ಕಷ್ಟವಲ್ಲ. ಎಡವುವುದು ವಿಜ್ಞಾನದಲ್ಲಿ. ಪ್ರಶ್ನೆಯಲ್ಲಿ ‘ಸ್ಟೇಟ್’ ಎಂದರೆ ಕಾರಣ ಬೇಡ, ‘ಎಕ್ಸ್‌ಪ್ಲೇನ್’ ಎಂದರೆ ಕಾರಣವಿಲ್ಲದೆ ಅಂಕವಿಲ್ಲ, ‘ಸಜೆಸ್ಟ್’ ಎಂದರೆ ಪುಸ್ತಕದಲ್ಲಿ ಉತ್ತರ ಇರದೆಯೂ ಇರಬಹುದು.

ಆಯ್ಕೆಯ ವೇಳೆ ಮಾಡಿ ತೋರಿಸುವ ಮಾದರಿ ಪಾಠಕ್ಕೆ ಇಂಗ್ಲೆಂಡಿನ ಉದಾಹರಣೆ ಹುಡುಕಬೇಕಿಲ್ಲ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ, ಹೂಳು ತುಂಬಿ ಈಗ ಸುಮಾರು 105. ಶೇಕಡಾ ಇಳಿಕೆಯ ಪಾಠಕ್ಕೆ ಇಷ್ಟು ಸಾಕು. ಮಕ್ಕಳು ಶೇ 21 ಎಂದು ತೆಗೆದ ಮೇಲೆ ಪಾಠ ಶುರುವಾಗುತ್ತದೆ: ಹೂಳು ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ತುಂಬಿತೇ? ನೀರಿನಡಿಯ ಹೂಳನ್ನು ಅಳೆದದ್ದು ಹೇಗೆ? ಸಿರುಗುಪ್ಪದ ಭತ್ತದ ಗದ್ದೆಗೂ ಕಾಲುವೆಯ ಕೊನೆಯಲ್ಲಿರುವ ರಾಯಚೂರಿನ ಹೊಲಕ್ಕೂ ಈ ನಷ್ಟ ಒಂದೇ ತೆರನಾಗಿ ತಟ್ಟುತ್ತದೆಯೇ? 30 ನಿಮಿಷದಲ್ಲಿ ಶಿಕ್ಷಕರು ಹತ್ತಕ್ಕಿಂತ ಹೆಚ್ಚು ನಿಮಿಷ ಮಾತಾಡಿದರೆ ಪಾಠ ಕೈತಪ್ಪಿತೆಂದೇ ಲೆಕ್ಕ.

ಸರ್ಟಿಫಿಕೇಟ್ ಬೇಕೇ ಬೇಕೆಂದರೆ, ಹೊಸಬರಿಗೆಂದು ಐಬಿಯೇ ನಡೆಸುವ ‘ಕೆಟಗರಿ 1’ ಆನ್‌ಲೈನ್ ಕಾರ್ಯಾಗಾರಗಳಿವೆ. ಶುಲ್ಕ ನೂರಾರು ಡಾಲರ್. ಸೇರಿದ ಮೇಲೆ ಸಾಮಾನ್ಯವಾಗಿ ಶಾಲೆಯೇ ಭರಿಸುವುದರಿಂದ ಮೊದಲೇ ಸಾಲ ಮಾಡಬೇಡಿ. ಐಬಿಯ ಬೋಧನಾ ಪ್ರಮಾಣಪತ್ರ ಬರುವುದು ಅದು ಗುರುತಿಸಿದ ವಿಶ್ವವಿದ್ಯಾಲಯಗಳ ಮೂಲಕ, ಕೋಚಿಂಗ್ ಸೆಂಟರಿನಿಂದಲ್ಲ. ಪಿಜಿಸಿಇಐ ಎಂಬ ಬೋಧನಾ ಕೋರ್ಸ್ ಮಾಡಿದರೆ ಬ್ರಿಟನ್ನಿನ ಅಧಿಕೃತ ಶಿಕ್ಷಕ ಅರ್ಹತೆಯಾದ ಕ್ಯೂಟಿಎಸ್ ತಾನಾಗಿ ಬರುತ್ತದೆ ಎಂಬುದೂ ಸುಳ್ಳು. ವಿದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು; ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರಿಲ್ಲದಿದ್ದರೆ ಫೋನ್ ಇಡಿ.

ಆಗಸ್ಟ್‌ನಲ್ಲಿ ಆರಂಭವಾಗುವ ಶಾಲೆಗಳು ಹಿಂದಿನ ಅಕ್ಟೋಬರ್-ನವೆಂಬರಿನಿಂದಲೇ ಆಯ್ಕೆ ಶುರುಮಾಡುತ್ತವೆ. ನಮ್ಮವರು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಅರ್ಜಿ ಹಾಕುತ್ತಾರೆ. ಆಯ್ಕೆಯಾದ ಮೇಲೂ ಕಾಗದಪತ್ರದಲ್ಲಿ ಸಿಕ್ಕಿಬೀಳುವವರು ಬಹಳ. ಯುಎಇಗಾದರೆ ಮೂಲ ಪದವಿ ಪ್ರಮಾಣಪತ್ರಕ್ಕೆ ರಾಜ್ಯ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂದು ಸಾಲಾಗಿ ಮುದ್ರೆ ಬೀಳಬೇಕು. ಪ್ರೊವಿಷನಲ್ ಸರ್ಟಿಫಿಕೇಟ್ ನಡೆಯದು, ಘಟಿಕೋತ್ಸವದ್ದೇ ಬೇಕು. ಅಂಕಪಟ್ಟಿಯಲ್ಲಿ ‘ಬಸವರಾಜ ಎಚ್.’, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2010ರಲ್ಲಿ. ಅದಕ್ಕೂ ಮೊದಲು ಓದಿದವರ ದಾಖಲೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದೆ. ಪದವಿ ಪರಿಶೀಲನೆಗೆ ಕಲಬುರಗಿಯವರೆಗೆ ಅಲೆಯಬೇಕು. ಎರಡೂ ವಿಶ್ವವಿದ್ಯಾಲಯಗಳು ಮಾತಾಡಿಕೊಂಡು ಈ ಅರ್ಜಿಗಳನ್ನು ಬಳ್ಳಾರಿಯಲ್ಲೇ ಸ್ವೀಕರಿಸುವ ಒಂದು ಕೌಂಟರ್ ತೆರೆಯಲಿ. ಬಿ.ಇಡಿ ಕಾಲೇಜುಗಳು ಮೌಲ್ಯಮಾಪನದ ಪಾಠದಲ್ಲಿ ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಯ ಪಕ್ಕದಲ್ಲೇ ಕೇಂಬ್ರಿಜ್ ಗಣಿತ 0580ರ ಒಂದು ಮಾರ್ಕ್ ಸ್ಕೀಮನ್ನೂ ಇಟ್ಟು ತಿದ್ದಿಸಲಿ. ಅದಕ್ಕೆ ಒಂದು ವಾರ ಸಾಕು.

– ಶಿಕ್ಷಕ ತರಬೇತುದಾರರು, ಬಳ್ಳಾರಿ