ಅಮೆರಿಕದ ಹೋಮ್‌ಸ್ಕೂಲಿಂಗ್: ಪಠ್ಯಪುಸ್ತಕಕ್ಕೂ ಮೊದಲು ರಾಜ್ಯದ ಕಾನೂನು ನೋಡಿ

ಮಾನ್ಯರೇ,

ಅಮೆರಿಕದ ಶಾಲೆಗಳು ನೆಲಕಚ್ಚಿವೆ, ಮಕ್ಕಳನ್ನು ಬಿಡಿಸಿ ಮನೆಯಲ್ಲೇ ಓದಿಸುವುದು ಮೇಲು ಎಂಬ ಮಾತು ಇಲ್ಲಿನ ಕನ್ನಡಿಗರ ನಡುವೆ ಜೋರಾಗಿದೆ. ಊರಿನಲ್ಲಿರುವ ಬಂಧುಗಳೂ ಅದನ್ನೇ ಕೇಳುತ್ತಾರೆ. ಶಾಲೆಗಳ ಬಗ್ಗೆ ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಶಾಲೆ ಬಿಡಿಸಲು ಬೇಕಾದ ಸಿದ್ಧತೆಯ ಬಗ್ಗೆ ಹೇಳುವವರು ಕಡಿಮೆ.

ಮೊದಲು ಅಂಕಿಅಂಶ. ರಾಷ್ಟ್ರಮಟ್ಟದ ಎನ್‌ಎಇಪಿ ಪರೀಕ್ಷೆಯ 2024ರ ಫಲಿತಾಂಶದಂತೆ ನಾಲ್ಕನೇ ತರಗತಿಯ ಶೇ 40ರಷ್ಟು ಮಕ್ಕಳು ಓದಿನಲ್ಲಿ 'ಬೇಸಿಕ್' ಮಟ್ಟವನ್ನೂ ಮುಟ್ಟಿಲ್ಲ. ಎಂಟನೇ ತರಗತಿಯಲ್ಲಿ ಇದು ಶೇ 33. ಕೋವಿಡ್ ಒಂದನ್ನೇ ದೂರುವಂತಿಲ್ಲ. ಕಡಿಮೆ ಅಂಕ ಪಡೆಯುವ ಮಕ್ಕಳ ಅಂಕಗಳು 2013ರ ಆಸುಪಾಸಿನಿಂದಲೇ ಇಳಿಯತೊಡಗಿದ್ದವು. ಆದರೆ ಇದೇ ಪರೀಕ್ಷೆಯಲ್ಲಿ 'ಪ್ರೊಫಿಶಿಯೆಂಟ್' ಆದವರು ಶೇ 31 ಎಂಬುದನ್ನು ಹಿಡಿದು 'ಉಳಿದ ಶೇ 69 ಮಕ್ಕಳಿಗೆ ಓದಲು ಬರುವುದಿಲ್ಲ' ಎಂದು ಹರಡುವುದು ತಪ್ಪು. ಅಲ್ಲಿ 'ಪ್ರೊಫಿಶಿಯೆಂಟ್' ಎಂದರೆ ತರಗತಿಗೆ ತಕ್ಕ ಮಟ್ಟವಲ್ಲ, ಅದಕ್ಕಿಂತ ಎತ್ತರದ್ದು.

ಇನ್ನು, 'ಅಮೆರಿಕದ ಶಾಲೆ' ಎಂಬ ಒಂದೇ ವ್ಯವಸ್ಥೆ ಇಲ್ಲ. ಸರ್ಕಾರಿ ಶಾಲೆಗಳನ್ನು ನಡೆಸುವ ಸುಮಾರು 13 ಸಾವಿರ ಸ್ಥಳೀಯ ಆಡಳಿತ ಘಟಕಗಳು, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅವುಗಳ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಬಡ ರಾಜ್ಯವಾದ ಮಿಸಿಸಿಪ್ಪಿ 2013ರಲ್ಲಿ ಕಾನೂನು ತಂದು, ಶಿಕ್ಷಕರಿಗೆ ಅಕ್ಷರ-ಧ್ವನಿ ಆಧಾರದ ಓದಿನ ತರಬೇತಿ ಕೊಟ್ಟು, ಮೂರನೇ ತರಗತಿಯಲ್ಲಿ ಓದಲು ಬಾರದವರನ್ನು ಅಲ್ಲೇ ಉಳಿಸಿಕೊಂಡಿತು. ನಾಲ್ಕನೇ ತರಗತಿಯ ಓದಿನಲ್ಲಿ ಅದು ಇಂದು ಎಷ್ಟೋ ಶ್ರೀಮಂತ ರಾಜ್ಯಗಳಿಗಿಂತ ಮುಂದಿದೆ. ಹಾಗಾಗಿ ದೇಶದ ಸರಾಸರಿ ನೋಡಿ ನಿಮ್ಮ ಮಗುವಿನ ಶಾಲೆಯನ್ನು ಅಳೆಯಬೇಡಿ.

ಹೋಮ್‌ಸ್ಕೂಲಿಂಗ್ 50 ರಾಜ್ಯಗಳಲ್ಲೂ ಕಾನೂನುಬದ್ಧ. ಆದರೆ ನಿಯಮಗಳಿಗೆ ಒಂದಕ್ಕೊಂದು ತಾಳೆಯಿಲ್ಲ. ಟೆಕ್ಸಾಸ್‌ನಲ್ಲಿ ಮನೆಶಾಲೆ ಖಾಸಗಿ ಶಾಲೆಗೆ ಸಮ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಎಂಬ ಐದನ್ನು ಕಲಿಸಿದರಾಯಿತು, ಪರೀಕ್ಷೆಯಿಲ್ಲ. ನ್ಯೂಜೆರ್ಸಿಯಲ್ಲಿ ಶಾಲೆಗೆ 'ಸಮಾನವಾದ' ಬೋಧನೆ ಇರಬೇಕು ಎಂದಷ್ಟೇ ಇದೆ. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದರೆ ಕಥೆಯೇ ಬೇರೆ.

ಅಲ್ಲಿ ಜುಲೈ 1ರೊಳಗೆ, ವರ್ಷದ ನಡುವೆ ಶುರು ಮಾಡಿದರೆ 14 ದಿನಗಳೊಳಗೆ, ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರಿಗೆ ಲಿಖಿತ ಸೂಚನೆ ಕೊಡಬೇಕು. ಆಮೇಲೆ ಪ್ರತಿ ವಿಷಯಕ್ಕೂ ಬಳಸುವ ಪುಸ್ತಕ ಅಥವಾ ಪಾಠಯೋಜನೆ, ಕಲಿಸುವವರ ಹೆಸರು, ನಾಲ್ಕು ತ್ರೈಮಾಸಿಕ ವರದಿಗಳ ದಿನಾಂಕ ಇರುವ ಬೋಧನಾ ಯೋಜನೆ ಸಲ್ಲಿಸಬೇಕು. ವರ್ಷಕ್ಕೆ 1ರಿಂದ 6ನೇ ತರಗತಿವರೆಗೆ 900 ಗಂಟೆ, 7ರಿಂದ 12ರವರೆಗೆ 990 ಗಂಟೆ ಪಾಠ. ತ್ರೈಮಾಸಿಕದಲ್ಲಿ ಯಾವುದೇ ವಿಷಯ ಯೋಜಿಸಿದ್ದರ ಶೇ 80ಕ್ಕಿಂತ ಕಡಿಮೆ ಆಗಿದ್ದರೆ ಕಾರಣ ಬರೆಯಬೇಕು. 4ರಿಂದ 8ನೇ ತರಗತಿಯಲ್ಲಿ ಕನಿಷ್ಠ ವರ್ಷ ಬಿಟ್ಟು ವರ್ಷ, 9ರಿಂದ ಪ್ರತಿ ವರ್ಷ ಮಾನ್ಯ ಪರೀಕ್ಷೆ. ಒಟ್ಟು ಅಂಕ 33ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು (ಅಂದರೆ ನೂರರಲ್ಲಿ 33 ಮಕ್ಕಳಿಗಿಂತ ಮುಂದಿರಬೇಕು), ಇಲ್ಲವೇ ಹಿಂದಿನ ಪರೀಕ್ಷೆಗಿಂತ ಒಂದು ವರ್ಷದ ಪ್ರಗತಿ ಕಾಣಬೇಕು. ಇಲ್ಲದಿದ್ದರೆ ಎರಡು ವರ್ಷಗಳವರೆಗೂ ನಿಗಾವಣೆ. ಇಷ್ಟೆಲ್ಲ ಮಾಡಿದರೂ ಕೊನೆಗೆ ರಾಜ್ಯದ ಹೈಸ್ಕೂಲ್ ಡಿಪ್ಲೊಮಾ ಸಿಗುವುದಿಲ್ಲ. ಕಾಲೇಜು ಪದವಿಗೆ ಈ ಓದು ಹೈಸ್ಕೂಲಿಗೆ ಸಮ ಎಂಬ ಸೂಪರಿಂಟೆಂಡೆಂಟರ ಪತ್ರವೋ ರೀಜೆಂಟ್ಸ್ ಎಂಬ ಐದು ರಾಜ್ಯ ಪರೀಕ್ಷೆಗಳೋ 24 ಕಾಲೇಜು ಕ್ರೆಡಿಟ್‌ಗಳೋ, ಇಂಥದ್ದೊಂದು ಬೇಕಾಗುತ್ತದೆ. ನ್ಯೂಜೆರ್ಸಿಯ ಬಂಧುವಿನ ಸಲಹೆ ಕೇಳಿ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ಮನೆಶಾಲೆ ಶುರು ಮಾಡುವವರು ಎಡವುವುದು ಇಲ್ಲೇ.

ಬಹುಪಾಲು ತೊಂದರೆ ಮೊದಲ ವಾರದಲ್ಲೇ ಹುಟ್ಟುತ್ತದೆ. ಮಗುವನ್ನು ಸುಮ್ಮನೆ ಶಾಲೆಗೆ ಕಳಿಸದೆ ಇದ್ದರೆ ಗೈರುಹಾಜರಿ ಏರಿ, ಶಾಲೆ ಅದನ್ನು ತಪ್ಪಿಸಿಕೊಳ್ಳುವಿಕೆಯ ಪ್ರಕರಣ ಮಾಡುತ್ತದೆ. ಕಾನೂನು ಕೇಳದ ರಾಜ್ಯದಲ್ಲೂ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಬರೆಯಿರಿ: ಮಗುವಿನ ಹೆಸರು, ತರಗತಿ, ಶಾಲೆ ಬಿಡುವ ದಿನಾಂಕ, ಇನ್ನು ಮನೆಯಲ್ಲಿ ಓದಿಸುತ್ತೇವೆ ಎಂಬ ಒಂದು ವಾಕ್ಯ. ಕಾರಣ ಬರೆಯಬೇಕಿಲ್ಲ. ಸ್ವೀಕೃತಿ ರಸೀದಿ ಬರುವ ಸರ್ಟಿಫೈಡ್ ಅಂಚೆಯಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ರಾಜ್ಯಕ್ಕೆ ಬೇರೆ ಅರ್ಜಿ ಬೇಕಿದ್ದರೆ ಅದನ್ನು ಮೊದಲು ಮುಗಿಸಿ.

ಐಇಪಿ, ಅಂದರೆ ವಿಶೇಷ ಅಗತ್ಯದ ಮಗುವಿಗಾಗಿ ಸರ್ಕಾರಿ ಶಾಲೆ ಮಾಡುವ ವೈಯಕ್ತಿಕ ಕಲಿಕಾ ಯೋಜನೆ ಇರುವ ಮಕ್ಕಳ ಪೋಷಕರು ಇನ್ನೂ ನಿಧಾನಿಸಬೇಕು. ಮಾತಿನ ತರಬೇತಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ ಮುಂತಾದವು ಸರ್ಕಾರಿ ಶಾಲೆಯ ವಿದ್ಯಾರ್ಥಿಗೆ ಹಕ್ಕು. ಶಾಲೆ ಬಿಟ್ಟೊಡನೆ ಆ ವೈಯಕ್ತಿಕ ಹಕ್ಕು ಹೋಗುತ್ತದೆ. ತಪಾಸಣೆ ಕೇಳಬಹುದು, ಆದರೆ ಸೇವೆ ಕೊಡುವುದೋ ಬಿಡುವುದೋ ರಾಜ್ಯವನ್ನು ಅವಲಂಬಿಸಿದೆ. ಖಾಸಗಿಯಾಗಿ ಅದೇ ಥೆರಪಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ನಿರ್ಧರಿಸಿ.

'ಸರ್ಕಾರವೇ ದುಡ್ಡು ಕೊಡುತ್ತದಂತೆ' ಎಂಬುದೂ ಅರ್ಧ ಸತ್ಯ. ಅರಿಜೋನಾ 2022ರಲ್ಲಿ ತನ್ನ ವಿದ್ಯಾರ್ಥಿವೇತನ ಖಾತೆಯನ್ನು ಎಲ್ಲ ಮಕ್ಕಳಿಗೂ ತೆರೆಯಿತು; ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 7 ಸಾವಿರ ಡಾಲರ್. ಆದರೆ ಆ ಹಣ ಪಡೆದವರು ಕಾನೂನಿನ ಕಣ್ಣಿನಲ್ಲಿ ಹೋಮ್‌ಸ್ಕೂಲರ್ ಅಲ್ಲ: ಮನೆಶಾಲೆಯ ಅಫಿಡವಿಟ್ ಮತ್ತು ಈ ಖಾತೆಯ ಒಪ್ಪಂದ ಎರಡೂ ಒಟ್ಟಿಗೆ ಇರುವಂತಿಲ್ಲ. ಟೆಕ್ಸಾಸಿನ 2025ರ ಕಾನೂನು ಮನೆಶಾಲೆಯ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 2 ಸಾವಿರ ಡಾಲರ್ ಇಟ್ಟಿದೆ. ಕ್ಯಾಲಿಫೋರ್ನಿಯದ ಮನೆಯಲ್ಲೇ ಓದುವ ಚಾರ್ಟರ್‌ಗಳಲ್ಲಿ (ಸರ್ಕಾರದ ಹಣದಿಂದ ಸ್ವತಂತ್ರವಾಗಿ ನಡೆಯುವ ಶಾಲೆಗಳಲ್ಲಿ) ಪುಸ್ತಕ, ತರಗತಿಗಳಿಗೆ ಹಣ ಸಿಗುತ್ತದೆ. ಆದರೆ ಮಗು ಸರ್ಕಾರಿ ಶಾಲೆಯ ವಿದ್ಯಾರ್ಥಿಯಾಗಿಯೇ ಉಳಿಯುತ್ತದೆ, ಧಾರ್ಮಿಕ ಪಠ್ಯಕ್ಕೆ ಆ ಹಣ ಬಳಸುವಂತಿಲ್ಲ.

ನಾಲ್ಕೈದು ಮನೆಗಳು ಸೇರಿ ಸರದಿಯಂತೆ ಪಾಠ ಮಾಡುವುದು ನಮ್ಮವರಿಗೆ ಒಗ್ಗುವ ರೀತಿ. ಎರಡು ಎಚ್ಚರಿಕೆ ಬೇಕು. ನ್ಯೂಯಾರ್ಕಿನಲ್ಲಿ ಪಾಠದ ಬಹುಭಾಗ ಗುಂಪಿನಲ್ಲೇ ನಡೆದರೆ ಅದು ಮನೆಶಾಲೆ ಆಗುವುದಿಲ್ಲ, ಖಾಸಗಿ ಶಾಲೆ ಆಗುತ್ತದೆ. ಎರಡನೆಯದು ವೀಸಾ. ಎಚ್-4ರಲ್ಲಿ, ಅಂದರೆ ಎಚ್-1ಬಿ ಕೆಲಸಗಾರರ ಅವಲಂಬಿತರ ವೀಸಾದಲ್ಲಿರುವ ತಾಯಿ ತನ್ನ ಮಕ್ಕಳಿಗೆ ಕಲಿಸುವುದು ಉದ್ಯೋಗವಲ್ಲ. ಆದರೆ ಕೆಲಸದ ಪರವಾನಗಿ ಇಲ್ಲದೆ ಪಕ್ಕದ ಮನೆಯ ಮಕ್ಕಳಿಂದ ಶುಲ್ಕ ಪಡೆದರೆ ಅದು ಅನಧಿಕೃತ ಉದ್ಯೋಗ. ಗ್ರೀನ್ ಕಾರ್ಡಿಗಾಗಿ ಕಾದಿರುವ ಕುಟುಂಬ ಇಂಥ ಚಿಲ್ಲರೆ ಆದಾಯಕ್ಕೆ ಕೈಹಾಕಬಾರದು.

ಒಂಬತ್ತನೇ ತರಗತಿಯವರೆಗೆ ತಪ್ಪುಗಳನ್ನು ತಿದ್ದಿಕೊಳ್ಳಬಹುದು. ಅಲ್ಲಿಂದ ಮುಂದೆ ದಾಖಲೆಯೇ ಮುಖ್ಯ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಅಂಕಗಳ ಪಟ್ಟಿ ಬರೆಯುವವರು ನೀವೇ. ಒಂದು ಕ್ರೆಡಿಟ್‌ಗೆ ಸುಮಾರು 120 ಗಂಟೆ ಎಂಬುದು ರೂಢಿಯ ಲೆಕ್ಕ. ವಾರಾಂತ್ಯದ ಎರಡು ಗಂಟೆಯ ಕನ್ನಡ ತರಗತಿ 30 ವಾರ ನಡೆದರೆ 60 ಗಂಟೆ, ಅಂದರೆ ಅರ್ಧ ಕ್ರೆಡಿಟ್. ವಿದೇಶಿ ಭಾಷೆಯ ಸಾಲಿನಲ್ಲಿ ಅದನ್ನು ಪೂರ್ಣ ಕ್ರೆಡಿಟ್ ಎಂದು ತೋರಿಸಬೇಕಾದರೆ ಮನೆಯಲ್ಲಿ ಇನ್ನೂ ಅಷ್ಟೇ ಓದು-ಬರಹ ಆಗಿರಬೇಕು. ಪ್ರತಿ ವಿಷಯಕ್ಕೂ ಬಳಸಿದ ಪುಸ್ತಕ, ಬರೆದ ಪ್ರಬಂಧ, ಪ್ರಯೋಗಗಳ ಪಟ್ಟಿಯನ್ನು ಆಯಾ ವರ್ಷವೇ ಬರೆದಿಡಿ. 12ನೇ ತರಗತಿಯಲ್ಲಿ ಕೂತು ನೆನಪಿನಿಂದ ಬರೆದದ್ದು ಬರೆದವರಿಗೇ ನಂಬಿಕೆ ಹುಟ್ಟಿಸುವುದಿಲ್ಲ.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠಕ್ಕೆ ಬರೆಯುವ ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ನೋಂದಣಿ ಸಾಮಾನ್ಯವಾಗಿ ಹಿಂದಿನ ನವೆಂಬರ್‌ಗೆ ಮುಗಿಯುತ್ತದೆ. ಹೊರಗಿನ ವಿದ್ಯಾರ್ಥಿಗೆ ಸೀಟು ಕೊಡುವ ಶಾಲೆಯನ್ನು ನೀವೇ ಹುಡುಕಬೇಕು. ಅವರು ಒಲ್ಲೆ ಎನ್ನಬಹುದು. ಸೆಪ್ಟೆಂಬರ್‌ನಲ್ಲೇ ವಿಚಾರಿಸಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ 'ಎ-ಜಿ' ಎಂಬ ಷರತ್ತಿದೆ, ಅಂದರೆ ಒಂದೊಂದು ವರ್ಷದ 15 ಪಾಠಗಳು. ಮನೆಯನ್ನೇ ಖಾಸಗಿ ಶಾಲೆ ಎಂದು ಅಫಿಡವಿಟ್ ಹಾಕಿ ಅಲ್ಲಿ ಕಲಿಸಿದ ಪಾಠ ಅದರ ಮಾನ್ಯ ಪಟ್ಟಿಯಲ್ಲಿ ಇರುವುದಿಲ್ಲ, ಪ್ರವೇಶ ನಿರ್ಧಾರಕ್ಕೆ ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನೂ ಅದು ನೋಡುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಸಿ ದರ್ಜೆ ಅಥವಾ ಮೇಲಿನ ಪಾಠಗಳು, ಎಪಿಯಲ್ಲಿ 3 ಅಥವಾ ಹೆಚ್ಚಿನ ಅಂಕ ಆ ಕೊರತೆಯನ್ನು ತುಂಬುತ್ತವೆ. ಪ್ರಯೋಗಾಲಯವಿರುವ ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಕಮ್ಯುನಿಟಿ ಕಾಲೇಜೇ ಸುಲಭ. ಅಡುಗೆಮನೆಯ ಪ್ರಯೋಗಗಳು ಚಿಕ್ಕ ತರಗತಿಗೆ ಚೆನ್ನ, ಹತ್ತನೇ ತರಗತಿಗೆ ಸಾಲವು.

ಊರಿಗೆ ಮರಳುವ ಸಾಧ್ಯತೆ ಇದ್ದರೆ ಪೋಷಕರೇ ಕೊಟ್ಟ ಡಿಪ್ಲೊಮಾ ನೆಚ್ಚಿಕೊಳ್ಳಬೇಡಿ. ಮನ್ನಣೆ ಪಡೆದ ಶಾಲೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್ ಮೂಲಕ ಬರಬಹುದು. ಹತ್ತನೇ ತರಗತಿಗೆ 14, ಹನ್ನೆರಡಕ್ಕೆ 15 ವರ್ಷ ತುಂಬಿರಬೇಕು. ನೀಟ್ ಬರೆಯುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ನಾಲ್ಕನ್ನೂ ತೆಗೆದುಕೊಂಡಿರಬೇಕು. ಸಿಇಟಿ ಮೂಲಕ ಕರ್ನಾಟಕದ ಸರ್ಕಾರಿ ಕೋಟಾ ಬಯಸಿದರೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು ಎಂಬುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮುಖ್ಯ ಷರತ್ತು. ಬೇರೆ ಕಲಮುಗಳಲ್ಲಿ ಅರ್ಹತೆ ಸಿಗುವುದೇ ಎಂದು ಆ ವರ್ಷದ ಕೈಪಿಡಿಯಲ್ಲಿ ನೋಡಿಕೊಂಡ ಮೇಲೆ ವಿಮಾನದ ಟಿಕೆಟ್ ಕೊಳ್ಳಿ.

ಇಂತಿ,
ನಿಮ್ಮ ಓದುಗ,
ಎಡಿಸನ್, ನ್ಯೂಜೆರ್ಸಿ