ಕ್ಯಾಂಪಿನ ಪುಡಿ ಡಬ್ಬದ ಮೇಲೆ ಒಳಗೆ ಎಂತ ಇದೆ ಅಂತ ಬರೀಲಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ಪೇಪರ್ ಬಿಚ್ಚಿದ್ರೆ ಒಳಗಿಂದ ಒಂದು ಹಸಿರು ಪಾಂಪ್ಲೆಟ್ ಬಿತ್ತು. ಅದು ನೀವು ಹಾಕಿದ್ದಲ್ಲ, ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ಪೇಪರ್ ಜೋಡಿಸೋವಾಗ ಯಾರೋ ದುಡ್ಡು ಕೊಟ್ಟು ಸೇರಿಸ್ತಾರೆ ಅಂತ ಗೊತ್ತು, ಆದ್ರೂ ಪೇಪರ್ ಜೊತೆ ಬಂತು ಅಂದ್ರೆ ಜನಕ್ಕೆ ಒಂದು ನಂಬಿಕೆ, ಅದಕ್ಕೇ ನಿಮಗೇ ಬರೀತಿದೀನಿ. ಥೈರಾಯ್ಡ್, ಶುಗರ್, ಪಿಸಿಓಡಿ ಅನ್ನೋ ಅಂಡಾಶಯದ ತೊಂದ್ರೆ, ಮುಟ್ಟು ನಿಲ್ಲೋ ಟೈಮಿನ ತೊಂದ್ರೆ, ಮಂಡಿನೋವು ಎಲ್ಲಕ್ಕೂ ಒಂದೇ ಮದ್ದಂತೆ, "ನ್ಯಾಚುರಲ್ ಹಾರ್ಮೋನ್ ಬ್ಯಾಲೆನ್ಸ್" ಅಂತ ಹೆಸರು, ಸೈಡ್ ಎಫೆಕ್ಟ್ ಇಲ್ಲ, ಇಂಗ್ಲಿಷ್ ಮಾತ್ರೆಯಿಂದ ಶಾಶ್ವತ ಬಿಡುಗಡೆ, ಕಲ್ಯಾಣ ಮಂಟಪದಲ್ಲಿ ಎರಡು ದಿನ ಕ್ಯಾಂಪ್, ತಪಾಸಣೆ ಫ್ರೀ. ಡಾಕ್ಟ್ರ ಹೆಸರಿಲ್ಲ, ಓದಿದ್ದು ಎಂತ ಅಂತಿಲ್ಲ, ಒಂದು ಮೊಬೈಲ್ ನಂಬರ್ ಬಿಟ್ರೆ ಇನ್ನೆಂತದೂ ಇಲ್ಲ.

ನಾನು ತೀರ್ಥಹಳ್ಳಿ ಕಡೆಯೋಳು, ನಾನೂ ನಮ್ಮನೆಯವ್ರೂ ಸೇರಿ ಒಂದು ಮೆಡಿಕಲ್ ಶಾಪ್ ಇಟ್ಕಂಡಿದೀವಿ. ಓ, ಮಾತ್ರೆ ಮಾರೋರಿಗೆ ವ್ಯಾಪಾರ ಕಮ್ಮಿ ಆಗುತ್ತಲ್ಲ ಅದಕ್ಕೆ ಹೊಟ್ಟೆಕಿಚ್ಚು ಅಂತ ಯಾರಾದ್ರೂ ಅಂದ್ಕಂಡ್ರೆ ಅಂದ್ಕಳ್ಲಿ. ಥೈರಾಯ್ಡ್ ಮಾತ್ರೆ ನೂರರ ಡಬ್ಬಿಗೆ ಇನ್ನೂರು ರೂಪಾಯಿ ಆಸುಪಾಸು, ಅದ್ರಲ್ಲಿ ನಮಗೆ ಉಳಿಯೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಇಂಥ ಕ್ಯಾಂಪಲ್ಲಿ ಕೊಡೋ ಮೂರು ತಿಂಗಳ ಕೋರ್ಸಿಗೆ ಹನ್ನೆರಡು ಸಾವಿರ. ದುಡ್ಡಿನ ಆಸೆ ಇದ್ದಿದ್ರೆ ಆ ಪುಡಿದೇ ಏಜೆನ್ಸಿ ತಗಳ್ತಿದ್ದೆ ಮಾರಾಯ್ರೆ.

ಹಂಗಂತ ನಾಟಿ ಮದ್ದು ಅಂದ್ರೆ ಮೂಗು ಮುರಿಯೋಳೂ ಅಲ್ಲ. ನಮ್ಮ ಹಿತ್ಲಲ್ಲಿ ಒಂದೆಲಗ, ದೊಡ್ಡಪತ್ರೆ, ಆಡುಸೋಗೆ, ಅಮೃತಬಳ್ಳಿ ಎಲ್ಲ ಇದೆ, ಮಳೆಗಾಲದಲ್ಲಿ ನೆಗಡಿ ಆದ್ರೆ ಕಾಳುಮೆಣಸಿನ ಕಷಾಯ ಕುಡ್ಕಂಡೇ ಅಂಗಡಿ ಬಾಗಿಲು ತೆಗೆಯೋದು. ಆನಂದಪುರದ ಹತ್ರ ನರಸೀಪುರದಲ್ಲಿ ಕ್ಯಾನ್ಸರ್ ಮದ್ದಿಗೆ ಅಂತ ಎಲ್ಲೆಲ್ಲಿಂದ್ಲೋ ಜನ ಬಂದು ಹಿಂದಿನ ರಾತ್ರಿಯಿಂದ್ಲೇ ಸಾಲು ನಿಲ್ತಿದ್ದಿದ್ದು ಈ ಕಡೆಯೋರಿಗೆಲ್ಲ ಗೊತ್ತು, ಆಸೆ ಕಳ್ಕಂಡಿರೋ ಮನೆಯವ್ರು ಅಲ್ಲಿಗೆ ಹೋದ್ರೆ ಅವ್ರನ್ನ ಆಡ್ಕಳೋ ಮನಸ್ಸು ನನಗಂತೂ ಇಲ್ಲ. ಮತ್ತೆ ಗಿಡಕ್ಕೂ ಮಾತ್ರೆಗೂ ಜನ ಅಂದ್ಕಂಡಿರೋ ಅಷ್ಟು ದೂರ ಇಲ್ಲ. ಅಂಗಡೀಲಿ ದಿನಾ ಮಾರೋ ಕೆಮ್ಮಿನ ಸಿರಪ್ಪಲ್ಲಿ ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್ ಅಂತ ಇರುತ್ತಲ್ಲ, ಅದರ ಮೂಲ ಇದೇ ಆಡುಸೋಗೆ ಎಲೆಯ ವ್ಯಾಸಿಸಿನ್. ಬಿಪಿಗೆ ಸರ್ಪಗಂಧದ ಬೇರು ಕೆಲಸ ಮಾಡುತ್ತೆ ಅಂತ ಮುಂಬೈನ ರುಸ್ತುಂ ಜಾಲ್ ವಕೀಲ್ ಅನ್ನೋ ಹೃದಯದ ಡಾಕ್ಟ್ರು 1949ರಲ್ಲೇ ಬ್ರಿಟನ್ನಿನ ಮೆಡಿಕಲ್ ಪತ್ರಿಕೇಲಿ ಬರೆದು ಜಗತ್ತಿಗೆ ತಿಳಿಸಿದ್ರು, ಆಮೇಲೆ ಅದ್ರಿಂದ ರಿಸರ್ಪಿನ್ ಮಾತ್ರೆ ಬಂತು, ತಗಂಡ ಕೆಲವರಿಗೆ ಮನಸ್ಸು ಕುಗ್ಗಿ ಖಿನ್ನತೆ ಬರುತ್ತೆ ಅನ್ನೋ ವಿಷ್ಯಾನೂ ಜೊತೇಲೇ ಬಂತು. ನಮ್ಮ ಘಟ್ಟದ ಕಾಡಿನ ದುರ್ವಾಸನೆ ಮರದಲ್ಲಿರೋ ಕ್ಯಾಂಪ್ಟೋಥೆಸಿನ್ ಇಟ್ಕಂಡೇ ಕ್ಯಾನ್ಸರಿನ ಎರಡು ಔಷಧಿ ಮಾಡ್ತಾರೆ, ಅದನ್ನ ಡ್ರಿಪ್ಪಲ್ಲಿ ಕೊಡೋವಾಗ ರಕ್ತದ ಕೌಂಟ್ ಬೀಳುತ್ತಾ, ಭೇದಿ ಹತ್ತುತ್ತಾ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ. ಗಿಡದಿಂದ ಬಂತು ಅಂದ ಮಾತ್ರಕ್ಕೆ ಸೈಡ್ ಎಫೆಕ್ಟ್ ಇಲ್ಲ ಅನ್ನೋದು ಎಲ್ಲಿಯ ನ್ಯಾಯ? ಕೊರೊನಾ ಟೈಮಲ್ಲಿ ಅಮೃತಬಳ್ಳಿ ಕಷಾಯ ದಿನಾ ಕುಡಿದೋರಲ್ಲಿ ಕೆಲವರ ಲಿವರ್ ಕೆಟ್ಟಿದ್ದನ್ನ ಮುಂಬೈನ ಡಾಕ್ಟ್ರು 2021ರಲ್ಲಿ ವರದಿ ಮಾಡಿದ್ರು, ಅದು ಅಮೃತಬಳ್ಳಿ ಅಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರ್ಬೇಕು ಅಂತ ಆಯುಷ್ ಇಲಾಖೆ ವಾದ ಮಾಡ್ತು. ಇರ್ಲಿ, ಹಂಗೇ ಅಂತ ಇಟ್ಕಂಡ್ರೂ ಪುಡಿ ಆದ್ಮೇಲೆ ಯಾವ ಬಳ್ಳಿ ಅಂತ ತಗಳೋರಿಗೆ ಹೆಂಗೆ ಗೊತ್ತಾಗ್ಬೇಕು ಹೇಳಿ.

ಈಗ ಕ್ಯಾಂಪಿನ ಒಳಗೆ ನಡೆಯೋದು ಹೇಳ್ತೀನಿ. ನನ್ನ ವಾರಗಿತ್ತಿ ಹೊಸನಗರದ ಹತ್ರ ಇರೋದು, ವರ್ಷಗಳಿಂದ ಥೈರಾಯ್ಡ್ ಮಾತ್ರೆ ತಗಳ್ತಿದ್ಲು, ಅಕ್ಕಪಕ್ಕದೋರು ಹೋಗ್ತಾರೆ ಅಂತ ಇಂಥದೇ ಒಂದು ಕ್ಯಾಂಪಿಗೆ ಹೋದ್ಲು. ಅಲ್ಲಿ ಟೇಬಲ್ ಮೇಲೆ ಒಂದು ಲ್ಯಾಪ್‌ಟಾಪ್, ಅದಕ್ಕೊಂದು ವೈರು, ವೈರಿನ ತುದೀಲಿ ಗೇಣುದ್ದದ ಸ್ಟೀಲ್ ಕೋಲು. ಕೋಲನ್ನ ಮುಷ್ಠೀಲಿ ಒಂದು ನಿಮಿಷ ಗಟ್ಟಿಯಾಗಿ ಹಿಡ್ಕಳಿ ಅಂದ್ರಂತೆ, ಸ್ಕ್ರೀನ್ ಮೇಲೆ ಮನುಷ್ಯನ ಚಿತ್ರ ಬಣ್ಣಬಣ್ಣಕ್ಕೆ ತಿರುಗ್ತಂತೆ, ಆಮೇಲೆ ಪ್ರಿಂಟರಿಂದ ಒಂದು ಕಟ್ಟು ಪೇಪರ್ ಬಂತಂತೆ. ಆ ಕಟ್ಟು ಈಗ ನಮ್ಮನೇಲಿದೆ, ಲಿವರ್, ಕಿಡ್ನಿ, ಮಿದುಳು, ಕಣ್ಣಿನ ಚೀಲ, ಕೂದಲು, ಎಲ್ಲದಕ್ಕೂ ಒಂದೊಂದು ನಂಬರ್ರು, ಪಕ್ಕದಲ್ಲಿ ಕೆಂಪು ಬಾಣ. ಒಂದು ಹನಿ ರಕ್ತ ತೆಗೀದೆ ಮೈಯೊಳಗಿನ ಹಾರ್ಮೋನು ಅಳೆಯೋ ಸ್ಟೀಲ್ ಕೋಲು ನಿಜವಾಗ್ಲೂ ಇದ್ದಿದ್ರೆ ಶಿವಮೊಗ್ಗದ ಲ್ಯಾಬುಗಳೆಲ್ಲ ಬಾಗಿಲು ಹಾಕ್ಕಂಡು ಹೋಗ್ಬೇಕಿತ್ತಲ್ಲ. ಕಡೇಲಿ ಹೇಳಿದ್ದು ಎಂತ ಅಂದ್ರೆ ಮಾತ್ರೆ ಇವತ್ತೇ ನಿಲ್ಲಿಸಿ, ಅದೇ ನಿಮ್ಮ ಗ್ರಂಥೀನ ಸೋಮಾರಿ ಮಾಡಿರೋದು ಅಂತ.

ಅವಳು ನಿಲ್ಲಿಸಿದ್ಲು, ಎರಡು ವಾರ ಎಂತದೂ ಆಗ್ಲಿಲ್ಲ. ನೋಡಿ ಇಲ್ಲೇ ಇರೋದು ಮೋಸ. ಆ ಮಾತ್ರೇಲಿರೋ ಥೈರಾಕ್ಸಿನ್ ಅನ್ನೋ ಹಾರ್ಮೋನ್ ಮೈಯಿಂದ ಖಾಲಿ ಆಗೋದು ಬಹಳ ನಿಧಾನ, ಅರ್ಧ ಕಮ್ಮಿ ಆಗೋಕೇ ಒಂದು ವಾರ ಬೇಕು, ಹಂಗಾಗಿ ಬಿಟ್ಟ ತಕ್ಷಣ ಗೊತ್ತಾಗಲ್ಲ, "ಅಕ್ಕಾ, ಮಾತ್ರೆ ಇಲ್ದೇನೂ ಆರಾಮಿದೀನಿ, ಪುಡಿ ಹಿಡೀತು" ಅಂತ ನನಗೇ ಫೋನ್ ಮಾಡಿ ಹೇಳಿದ್ಲು. ಆಮೇಲೆ ಶುರುವಾಯ್ತು, ಮುಖ ಊದ್ತು, ದನಿ ಗಡುಸಾಯ್ತು, ಹೊಸನಗರದ ಮಳೇಲಿ ಎರಡು ಕಂಬಳಿ ಹೊದ್ದು ಒಲೆ ಮುಂದೆ ಕೂತ್ರೂ ಚಳಿ, ಎದ್ದು ದನದ ಕೊಟ್ಟಿಗೆಗೆ ಹೋಗೋಕೂ ಆಗದಂಗಾಯ್ತು. ರಕ್ತ ಟೆಸ್ಟ್ ಮಾಡ್ಸಿದ್ರೆ ಥೈರಾಕ್ಸಿನ್ ಕಮ್ಮಿ ಆದಷ್ಟೂ ಏರೋ ಟಿಎಸ್ಎಚ್ ಅನ್ನೋ ನಂಬರ್, ಐದರ ಒಳಗಿರ್ಬೇಕಾದ್ದು, ಎಂಬತ್ತು ದಾಟಿತ್ತು. ಅವಳ ಗ್ರಂಥಿ ಸೋಮಾರಿ ಆಗಿದ್ದಲ್ಲ ಮಾರಾಯ್ರೆ, ಯಾವತ್ತೋ ಕೆಟ್ಟು ಹೋಗಿದ್ದು, ಗ್ರಂಥಿ ಮಾಡ್ತಿದ್ದ ಅದೇ ಥೈರಾಕ್ಸಿನ್ನೇ ಮಾತ್ರೇಲಿ ಇರೋದು. ಜನ ಹಾರ್ಮೋನ್ ಚಿಕಿತ್ಸೆ ಅಂದ್ರೆ ಬೆಚ್ಚಿ ಬೀಳ್ತಾರೆ, ಆದ್ರೆ ಇದೂ ಹಾರ್ಮೋನ್ ಚಿಕಿತ್ಸೇನೇ, ಇನ್ಸುಲಿನ್ನೂ ಹಾರ್ಮೋನೇ. 1922ರಲ್ಲಿ ಇನ್ಸುಲಿನ್ ಕೊಡೋಕೆ ಶುರು ಮಾಡೋವರೆಗೆ ಮೈಯಲ್ಲಿ ಇನ್ಸುಲಿನ್ನೇ ಆಗದಿರೋ ಟೈಪ್ ಒನ್ ಶುಗರ್ ಬಂದ ಮಕ್ಕಳು ಉಳೀತಿರಲಿಲ್ಲ, ಅಂಥಾ ಮಗುವಿನ ಇನ್ಸುಲಿನ್ ಬಿಡಿಸಿ ಪುಡಿ ಕೊಟ್ರೆ ಥೈರಾಯ್ಡಿನ ತರ ವಾರಗಟ್ಲೆ ಟೈಮೂ ಸಿಗಲ್ಲ, ದಿನಗಳಲ್ಲೇ ಐಸಿಯು.

ಇನ್ನೊಂದು ವಿಷ್ಯ, ಇದು ಅಂಗಡೀಲಿ ಕೂತೋರಿಗೆ ಚೆನ್ನಾಗಿ ಕಾಣುತ್ತೆ. ಮಂಡಿನೋವಿಗೆ ಯಾವುದೋ ಪುಡಿ ತಗಂಡೋರು ಮೂರೇ ದಿನಕ್ಕೆ ನೋವು ಮಾಯ ಅಂತ ಕುಣಿತಾರೆ, ಚೆನ್ನಾಗಿ ಹಸಿವಾಗುತ್ತೆ, ಸ್ವಲ್ಪ ದಿನಕ್ಕೆ ಮುಖ ದುಂಡಗಾಗುತ್ತೆ, ಶುಗರ್ ಏರುತ್ತೆ, ಚರ್ಮ ಸ್ವಲ್ಪ ತಾಗಿದ್ರೂ ನೀಲಿ ಆಗುತ್ತೆ. ಇದು ಬೇರಿನ ಗುಣ ಅಲ್ಲ, ಸ್ಟೀರಾಯ್ಡ್ ಗುಣ, ಸ್ಟೀರಾಯ್ಡೂ ಒಂದು ತರದ ಹಾರ್ಮೋನೇ. ಹರ್ಬಲ್ ಅಂತ ಮಾರೋ ನೋವಿನ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ತರದ ಸ್ಟೀರಾಯ್ಡ್, ಶುಗರಿನ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ತರದ ಇಂಗ್ಲಿಷ್ ಶುಗರ್ ಮಾತ್ರೆ ಬೆರೆಸಿದ್ದು ಲ್ಯಾಬ್ ಟೆಸ್ಟುಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ಅಂದ್ರೆ ಹಾರ್ಮೋನ್ ಮಾತ್ರೆ ಬೇಡ ಅಂತ ಡಾಕ್ಟ್ರ ಹತ್ರ ಜಗಳ ಆಡಿ ಬಂದೋರು ಕದ್ದು ಮುಚ್ಚಿ ಬೆರೆಸಿದ ಹಾರ್ಮೋನ್ ತಿಂತಿರ್ತಾರೆ, ಅದೂ ಎಷ್ಟು ಮಿಲಿಗ್ರಾಂ ಅಂತ ಕೊಟ್ಟೋನಿಗೂ ಗೊತ್ತಿರಲ್ಲ. ಅದನ್ನ ತಿಂಗಳಾನುಗಟ್ಲೆ ತಿಂದು ಒಂದಿನ ಪುಡಿ ಮುಗೀತು ಅಂತ ಫಟ್ ಅಂತ ನಿಲ್ಲಿಸಿದ್ರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಅಷ್ಟೊತ್ತಿಗೆ ತನ್ನ ಕೆಲಸಾನೇ ಬಿಟ್ಟಿರುತ್ತೆ, ಬಿಪಿ ಬಿದ್ದು ಜೀವಕ್ಕೇ ಬರಬಹುದು. ಲೋಹ ಸುಟ್ಟು ಮಾಡೋ ಭಸ್ಮದ ಔಷಧಿಗಳದ್ದು ಬೇರೆ ಕತೆ, 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ 70 ಆಯುರ್ವೇದದ ಪ್ರಾಡಕ್ಟ್ ತಂದು ಪರೀಕ್ಷೆ ಮಾಡಿದ್ರೆ 14ರಲ್ಲಿ ಸೀಸ, ಪಾದರಸ ಇಲ್ಲಾ ಆರ್ಸೆನಿಕ್ ಸಿಕ್ಕಿತ್ತು.

ಇಷ್ಟೆಲ್ಲ ಇದ್ರೂ ಹೆಂಗಸ್ರು ಕ್ಯಾಂಪಿಗೆ ಎಂತಕ್ಕೆ ಹೋಗ್ತಾರೆ? ಅಲ್ಲಿ ಕೂರಿಸಿ ಅರ್ಧ ಗಂಟೆ ಮಾತಾಡಿಸ್ತಾರೆ, ಅದಕ್ಕೆ ಹೋಗ್ತಾರೆ. ನಮ್ಮ ಕಡೆ ಮುಟ್ಟು ನಿಲ್ಲೋ ವಯಸ್ಸು ಸುಮಾರು ನಲವತ್ತಾರು ನಲವತ್ತೇಳು, ಆ ಟೈಮಲ್ಲಿ ರಾತ್ರಿ ಮೈಯೆಲ್ಲ ಬಿಸಿ ಏರಿ ಬೆವರು ಸುರಿಯೋದು, ನಿದ್ದೆ ಇಲ್ಲ, ಸುಮ್ಮಸುಮ್ನೆ ಸಿಟ್ಟು, ಅಡಕೆ ಬೇಯ್ಸೋ ಹಂಡೆ ಮುಂದೆ ನಿಂತ್ರೆ ಬಿಸಿ ಒಲೇದೋ ಮೈದೋ ಅಂತ ಗೊತ್ತಾಗಲ್ಲ. ಇದನ್ನ ದೊಡ್ಡಾಸ್ಪತ್ರೇಲಿ ಹೇಳಿದ್ರೆ "ವಯಸ್ಸಾಯ್ತಲ್ಲಮ್ಮ, ಹಂಗೇ" ಅಂತಾರೆ, ಕ್ಯಾಲ್ಸಿಯಂ ಬರ್ದು ಕಳಿಸ್ತಾರೆ. ರಕ್ತಸ್ರಾವ ಜಾಸ್ತಿ ಅಂದ್ರೆ ಗರ್ಭಕೋಶ ತೆಗ್ಸಿಬಿಡಿ, ಮಕ್ಕಳಾಗಿದಾವಲ್ಲ. ಮೂವತ್ತೈದು ನಲವತ್ತರಲ್ಲೇ ತೆಗ್ಸಿಕಂಡೋರು ನಮ್ಮ ಅಂಗಡಿಗೆ ಎಷ್ಟು ಜನ ಬರ್ತಾರೆ ಗೊತ್ತಾ? ಜೊತೇಲಿ ಅಂಡಾಶಯಾನೂ ತೆಗೆದ್ರಾ ಅಂತ ಕೇಳಿದ್ರೆ ಅರ್ಧ ಜನಕ್ಕೆ ಗೊತ್ತಿಲ್ಲ, ಡಿಸ್ಚಾರ್ಜ್ ಚೀಟಿ ತರ್ಸಿ ನಾನೇ ಓದಿ ಹೇಳಿದ್ದಿದೆ. ಅಷ್ಟು ಸಣ್ಣ ವಯಸ್ಸಲ್ಲಿ ಎರಡೂ ಅಂಡಾಶಯ ತೆಗೆದ್ರೆ ಅವು ಮಾಡ್ತಿದ್ದ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಒಂದೇ ದಿನದಲ್ಲಿ ಬಿದ್ದು ಹೋಗುತ್ತೆ, ಎಲುಬು ಸವೆಯುತ್ತೆ, ಹಾರ್ಟಿನ ತೊಂದ್ರೆ ಜಾಸ್ತಿ ಆಗುತ್ತೆ, ಬೇರೆ ಅಡ್ಡಿ ಇಲ್ದಿದ್ರೆ ಮಾಮೂಲಿ ಮುಟ್ಟು ನಿಲ್ಲೋ ವಯಸ್ಸಿನವರೆಗಾದ್ರೂ ಹಾರ್ಮೋನ್ ಕೊಡ್ಬೇಕು ಅಂತ ಮೆಡಿಕಲ್ ಪುಸ್ತಕಗಳೇ ಹೇಳ್ತವೆ. ಆದ್ರೆ ಈಸ್ಟ್ರೋಜನ್ ಬರೆದ ಚೀಟಿ ನಮ್ಮ ಕೌಂಟರಿಗೆ ಬರೋದು ಅಪರೂಪದಲ್ಲಿ ಅಪರೂಪ. ಈ ವಿಷ್ಯದಲ್ಲಿ ಇಂಗ್ಲಿಷ್ ಡಾಕ್ಟ್ರ ಮೇಲೂ ನನಗೆ ಸಿಟ್ಟಿದೆ, ಅವ್ರು ಬಿಟ್ಟ ಜಾಗದಲ್ಲೇ ಆ ಸ್ಟೀಲ್ ಕೋಲಿನೋನು ಬಂದು ಕೂತಿರೋದು.

ಈಸ್ಟ್ರೋಜನ್ ಕೊಡೋಕೆ ಇರೋ ಹೆದರಿಕೆಗೆ ಕಾರಣಾನೂ ಇದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಒಂದನ್ನ ಅರ್ಧಕ್ಕೇ ನಿಲ್ಲಿಸಿದ್ರು, 16,608 ಹೆಂಗಸ್ರು ಅದ್ರಲ್ಲಿದ್ರು, ಗಬ್ಬದ ಕುದುರೆ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಜೊತೆ ಇನ್ನೊಂದು ಸಿಂಥೆಟಿಕ್ ಹಾರ್ಮೋನ್ ಸೇರಿಸಿದ ಮಾತ್ರೆ, ತಗಂಡೋರಲ್ಲಿ ಸ್ತನದ ಕ್ಯಾನ್ಸರ್, ಸ್ಟ್ರೋಕ್ ಜಾಸ್ತಿ ಕಂಡಿತ್ತು. ಎಷ್ಟು ಜಾಸ್ತಿ ಅಂದ್ರೆ ಹತ್ತು ಸಾವಿರ ಹೆಂಗಸ್ರು ಒಂದು ವರ್ಷ ತಗಂಡ್ರೆ ಸ್ತನದ ಕ್ಯಾನ್ಸರ್ ಎಂಟು ಹೆಚ್ಚು, ಸ್ಟ್ರೋಕೂ ಎಂಟು ಹೆಚ್ಚು, ಸೊಂಟದ ಮೂಳೆ ಮುರಿಯೋದು ಐದು ಕಮ್ಮಿ. ಅವ್ರ ಸರಾಸರಿ ವಯಸ್ಸು ಅರವತ್ಮೂರು, ಮುಟ್ಟು ನಿಂತು ಎಷ್ಟೋ ವರ್ಷ ಆದೋರೇ ಜಾಸ್ತಿ. ಆಮೇಲೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಅರವತ್ತರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ಆಗಿರದೆ, ಬಿಸಿ ಏರೋ ಕಾಟ ತಡೆಯೋಕಾಗದೆ ಇರೋ ಹೆಚ್ಚಿನವರಿಗೆ ಅಪಾಯಕ್ಕಿಂತ ಉಪಯೋಗ ಜಾಸ್ತಿ ಅಂತ ಗೊತ್ತಾಯ್ತು, ಜೆಲ್ಲು ಪ್ಯಾಚಲ್ಲಿ ತಗಂಡ್ರೆ ರಕ್ತ ಹೆಪ್ಪುಗಟ್ಟೋ ಭಯಾನೂ ಕಮ್ಮಿ. ಸ್ತನದ ಕ್ಯಾನ್ಸರ್ ಆಗಿದ್ದೋರು, ಸ್ಟ್ರೋಕ್ ಆಗಿದ್ದೋರು, ಲಿವರ್ ತೊಂದ್ರೆ ಇರೋರು ಇದಕ್ಕೆ ಕೈ ಹಾಕ್ಬಾರ್ದು. ಗರ್ಭಕೋಶ ಇರೋರು ಬರೀ ಈಸ್ಟ್ರೋಜನ್ ತಗಂಡ್ರೆ ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಬರೋ ಅಪಾಯ ಇದೆ ಅಂತ 1975ರಲ್ಲೇ ಗೊತ್ತಾಗಿದ್ದು, ಅದಕ್ಕೇ ಪ್ರೊಜೆಸ್ಟೆರಾನ್ ಅನ್ನೋ ಇನ್ನೊಂದು ಹೆಂಗಸ್ರ ಹಾರ್ಮೋನ್ ಸೇರಿಸಿ ಕೊಡ್ತಾರೆ. ಇಷ್ಟೆಲ್ಲ ನೋಡಿ, ಕೇಳಿ, ಅಳೆದು ತೂಗಿ ಕೊಡೋ ಮದ್ದನ್ನ ಮೊಬೈಲ್ ನಂಬರಿಗೆ ಫೋನ್ ಮಾಡಿ ತರ್ಸಿಕಳೋದಾ?

ಪಾಂಪ್ಲೆಟ್ಟಲ್ಲಿ ಒಂದು ಕ್ರೀಮೂ ಇದೆ, ಕಾಡುಗೆಣಸಿಂದ ಮಾಡಿದ ನ್ಯಾಚುರಲ್ ಪ್ರೊಜೆಸ್ಟೆರಾನ್ ಅಂತೆ. ರಸೆಲ್ ಮಾರ್ಕರ್ ಅನ್ನೋ ಅಮೆರಿಕದ ಕೆಮಿಸ್ಟ್ 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿಂದ ಪ್ರೊಜೆಸ್ಟೆರಾನ್ ಮಾಡಿದ್ದು ನಿಜ, ಆದ್ರೆ ಗೆಣಸಲ್ಲಿರೋದು ಡಯೋಸ್ಜೆನಿನ್, ಅದು ಪ್ರೊಜೆಸ್ಟೆರಾನ್ ಆಗೋದು ಲ್ಯಾಬಲ್ಲಿ ಕೆಮಿಕಲ್ ಹಾಕಿ ಹಂತ ಹಂತವಾಗಿ ಬದಲಾಯಿಸಿದ ಮೇಲೆ, ಮನುಷ್ಯನ ಮೈಗೆ ಆ ಕೆಲಸ ಬರಲ್ಲ. ಗೆಣಸಿನ ಸಾರ ಚರ್ಮಕ್ಕೆ ಎಷ್ಟು ತಿಕ್ಕಿದ್ರೂ ಹಾರ್ಮೋನ್ ಆಗಲ್ಲ. ಹಂಗೇ ರಕ್ತಸ್ರಾವಕ್ಕೆ ಅಂತ ಕೊಡೋ ಅಶೋಕದ ತೊಗಟೆ ಪುಡಿ. ಅಸಲಿ ಸೀತಾಶೋಕ ನಮ್ಮ ಘಟ್ಟದಲ್ಲೂ ಕಮ್ಮಿ ಆಗ್ತಾ ಬಂದಿದೆ, ತೊಗಟೆ ಕೆತ್ತಿ ಕೆತ್ತಿ ಮರಾನೇ ಸಾಯ್ಸಿದಾರೆ, ಅದರ ಬದ್ಲಿಗೆ ಆಫೀಸು ಸ್ಕೂಲು ಕಾಂಪೌಂಡಲ್ಲಿ ನೆಟ್ಟಗೆ ನಿಂತಿರುತ್ತಲ್ಲ, ಆ ಹೆಸರಿಗಷ್ಟೇ ಅಶೋಕ, ಅದರ ತೊಗಟೆ ಬೆರೆಸಿ ಮಾರೋದು ಹಳೇ ದಂಧೆ. ಮುಟ್ಟು ನಿಂತು ವರ್ಷ ಆದ್ಮೇಲೆ ಮತ್ತೆ ರಕ್ತ ಕಂಡ್ರೆ ಮಾತ್ರ ಅಶೋಕಾನೂ ಬೇಡ, ಹಲವು ಮಕ್ಕಳ ತಾಯಿ ಬೇರೂ (ಶತಾವರಿ) ಬೇಡ, ಮೊದ್ಲು ಸ್ಕ್ಯಾನ್ ಮಾಡ್ಸಿ ಅಂತ ಕೌಂಟರಿಗೆ ಬಂದ ಪ್ರತಿ ಹೆಂಗಸಿಗೂ ಹೇಳ್ತೀನಿ.

ಶಿವಮೊಗ್ಗದಲ್ಲಿ ಆಯುರ್ವೇದ ಕಾಲೇಜಿದೆ, ಬಿಎಎಂಎಸ್ ಓದಿದ ಡಾಕ್ಟ್ರು ನಮ್ಮ ತಾಲ್ಲೂಕಲ್ಲೂ ಇದಾರೆ, ಒಳ್ಳೆಯೋರು ಮೊದ್ಲು ಕೇಳೋದೇ ಈಗ ಯಾವ್ಯಾವ ಮಾತ್ರೆ ತಗಳ್ತಿದೀರಿ ಅಂತ. ಆಯುರ್ವೇದದ ಔಷಧಿ ಡಬ್ಬದ ಮೇಲೆ ಒಳಗಿರೋ ಮೂಲಿಕೆ ಹೆಸರು, ತಯಾರಿ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಖು ಇರ್ಲೇಬೇಕು ಅಂತ ಕಾನೂನಿದೆ. ವಾರಗಿತ್ತಿ ತಂದ ಡಬ್ಬದ ಮೇಲೆ ಇದ್ದಿದ್ದು ಒಂದು ಎಲೆ ಚಿತ್ರ, "ಬೆಳಿಗ್ಗೆ 1 ರಾತ್ರಿ 1" ಅಂತ ಪೆನ್ನಲ್ಲಿ ಬರೆದ ಚೀಟಿ ಅಷ್ಟೇ. ಶುಗರ್, ಕ್ಯಾನ್ಸರ್, ಮುಟ್ಟಿನ ತೊಂದ್ರೆ ಗುಣ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ, ಪಾಂಪ್ಲೆಟ್ಟೂ ಜಾಹೀರಾತೇ. ತಾಲ್ಲೂಕು ಆರೋಗ್ಯಾಧಿಕಾರಿಗಳು ಕ್ಯಾಂಪ್ ನಡೆಯೋ ದಿನಾನೇ ಹೋಗಿ ಎರಡು ಡಬ್ಬ ತಗಂಡು ಲ್ಯಾಬಿಗೆ ಕಳಿಸ್ಲಿ, ಛತ್ರದೋರು ಹಾಲ್ ಬಾಡಿಗೆಗೆ ಕೊಡೋ ಮುಂಚೆ ಡಾಕ್ಟ್ರ ರಿಜಿಸ್ಟ್ರೇಷನ್ ನಂಬರ್ ಕೇಳ್ಲಿ. ನಿಮ್ಮ ಹತ್ರ ಕೇಳೋದು ಎರಡು, ಪೇಪರ್ ಏಜೆಂಟರಿಗೆ ಇಂಥ ಪಾಂಪ್ಲೆಟ್ ಒಳಗೆ ಇಡ್ಬೇಡಿ ಅಂತ ಒಂದು ಮಾತು ಹೇಳಿ, ಆಮೇಲೆ ವಾರಕ್ಕೊಂದು ಸಲ ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸ್ರ ಪ್ರಶ್ನೆಗೆ ಸ್ತ್ರೀರೋಗ ತಜ್ಞರ ಕೈಲಿ ಉತ್ತರ ಬರ್ಸಿ, ಹೆಸರು ಹಾಕದೆ ಕೇಳೋಕೆ ಅವಕಾಶ ಕೊಡಿ. ಮೊದಲನೇ ವಾರಕ್ಕೆ ಬೇಕಾದಷ್ಟು ಪ್ರಶ್ನೆ ನಮ್ಮ ಕೌಂಟರಿಂದಾನೇ ಬರ್ದು ಕಳಿಸ್ತೀನಿ.

ಇಂತಿ,
ಮೆಡಿಕಲ್ ಶಾಪಿನ ಓದುಗಿ, ತೀರ್ಥಹಳ್ಳಿ ತಾಲ್ಲೂಕು